ವೈರಸ್ ಎಲ್ಲಿ ಕೂಡತೈತಿ, ಅಲ್ಲೇ ಯಾಕ ಕೂಡತೈತಿ

ಕಾಲುಬಾಯಿ ಬ್ಯಾನಿ ಬಂದ ಎತ್ತನ್ನ ಹತ್ರದಿಂದ ನೋಡಿದವ್ರಿಗೆ ಇದು ಗೊತ್ತಿರೋ ಮಾತು. ನಾಲಿಗಿ ಮ್ಯಾಲ, ವಸಡಿಗೆ, ತುಟಿ ಒಳಗ ಗುಳ್ಳಿ ಎದ್ದು ಒಡದು ಕೆಂಪ ಮಾಂಸ ಕಾಣತಿರತೈತಿ, ಜೊಲ್ಲು ಸುರೀತಿರತೈತಿ, ಗೊರಸಿನ ಸಂದ್ಯಾಗ ಹುಣ್ಣಾಗಿ ಕಾಲ ಊರಾಕ ಆಗಂಗಿಲ್ಲ, ಆಕಳಿದ್ರ ಮೊಲಿ ತೊಟ್ಟಿಗೂ ಗುಳ್ಳಿ ಬಂದು ಹಾಲ ಹಿಂಡಾಕ ಹೋದ್ರ ಒದೀತೈತಿ. ಗ್ವಾದ್ಲ್ಯಾಗ ಕಣಕಿ ಹಾಕಿದ್ದು ಹಾಕಿದಂಗ ಬಿದ್ದಿರತೈತಿ. ಆದ್ರ ಅದ ಎತ್ತಿನ ಬೆನ್ನು, ಹೊಟ್ಟಿ, ತೊಡಿ ನೋಡ್ರಿ, ಅಲ್ಲಿ ಒಂದ ಗುಳ್ಳಿ ಇರಂಗಿಲ್ಲ, ಕೂದಲು ಮೊದಲಿನಂಗ ಹೊಳೀತಿರತೈತಿ. ರಕ್ತದಾಗ ಸೇರಿ ಮೈತುಂಬ ಓಡಾಡೋ ವೈರಸ್ಸು ಬಾಯಿ, ಗೊರಸು, ಮೊಲಿ ಇಷ್ಟನ್ನ ಯಾಕ ಆರಿಸಿಕೊಂಡು ಕೂಡತೈತಿ?

ಈ ಒಂದು ಪ್ರಶ್ನೆ ಹಿಡಕೊಂಡು ಹೊಂಟ್ರ ವೈರಸ್ ಕೋಶಕ್ಕ ಹೆಂಗ ಅಂಟತೈತಿ, ಹೆಂಗ ಒಳಗ ಹೋಗತೈತಿ ಅನ್ನೋ ಕಥಿ ಪೂರಾ ಬಿಚ್ಚತೈತಿ. ಪಿಯುಸಿ ಬಯಾಲಜಿ ಪುಸ್ತಕದಾಗ ಇದನ್ನ ನಾಲ್ಕು ಹಂತ ಅಂತ ನಾಲ್ಕು ಸಾಲಿನ್ಯಾಗ ಮುಗಿಸಿ ಬಿಡತಾರ, ಹುಡುಗೂರು ಬಾಯಿಪಾಠ ಮಾಡಿ ಬರದು ಬರತಾರ, ಯಾಕ ಅಲ್ಲೇ ಕೂಡತೈತಿ ಅಂತ ಮಾತ್ರ ಯಾರೂ ಕೇಳಂಗಿಲ್ಲ.

ಮೊದಲ ತಲ್ಯಾಗಿನ ಒಂದು ಚಿತ್ರ ತಗದು ಹಾಕಬೇಕ್ರಿ. ಕರೋನಾ ಟೈಮಿನ್ಯಾಗ ಟೀವ್ಯಾಗ ಗ್ರಾಫಿಕ್ಸ್ ಹಾಕತಿದ್ರಲ್ಲ, ಮುಳ್ಳಿನ ಚೆಂಡು ತಿರುಗಿಕೋತ ಬಂದು ಗುರಿ ಇಟ್ಟು ಮೈಮ್ಯಾಲ ಬೀಳತೈತಿ ಅನ್ನೋದು, ಅದು ಸುಳ್ಳ. ವೈರಸ್ಸಿಗೆ ಕಾಲಿಲ್ಲ, ಬಾಲಿಲ್ಲ, ಕಣ್ಣಿಲ್ಲ, ಹೊಟ್ಟಿನೂ ಇಲ್ಲ. ಬ್ಯಾಕ್ಟೀರಿಯಾಕ್ಕ ಈಸಾಕರ ಬರತೈತಿ, ಇದಕ್ಕ ಅದೂ ಬರಂಗಿಲ್ಲ. ಕಾಲುಬಾಯಿ ವೈರಸ್ ಅಂದ್ರ ಬರೇ 30 ನ್ಯಾನೋಮೀಟರ್ ಸುತ್ತಮುತ್ತ ಇರೋ ಒಂದು ಪ್ರೋಟೀನ್ ಚಿಪ್ಪು, ನಾಲ್ಕು ನಮೂನಿ ಪ್ರೋಟೀನು, ಒಂದೊಂದು ನಮೂನಿದು 60 ಪ್ರತಿ, ಅದರ ಒಳಗ ಸುಮಾರು 8,400 ಅಕ್ಷರದಾಗ ವೈರಸ್ಸಿನ ನಕಾಶಿ ಬರದಿಟ್ಟ ಒಂದ ಆರ್‌ಎನ್‌ಎ ಎಳಿ, ಮುಗೀತು. ಒಂದು ಮಿಲಿಮೀಟರ್ ಜಾಗದಾಗ ಇಂಥಾವು ಮೂವತ್ತು ಸಾವಿರಕ್ಕಿಂತ ಹೆಚ್ಚು ಸಾಲಾಗಿ ನಿಲ್ಲತಾವ. ಜೊಲ್ಲಿನ್ಯಾಗ, ಉಸಿರಿನ ಹನ್ಯಾಗ, ನೀರಿನ್ಯಾಗ ತೇಲಿಕೋತ ಅಲ್ಲಿ ಇಲ್ಲಿ ಬಡೀತಿರತೈತಿ, ಬಡಿದ ಸಾವಿರ ಜಾಗದಾಗ ಒಂದ ಜಾಗಕ್ಕ ಹತ್ತಿಕೊಂಡ್ರ ಹತ್ತಿಕೊಂಡಂಗ. ಅದರ ಬಾಳೇವ ಇಷ್ಟ.

ಹಂಗಾದ್ರ ಯಾವ ಜಾಗಕ್ಕ ಹತ್ತಿಕೊಳ್ತೈತಿ ಅನ್ನೋದನ್ನ ಯಾರು ನಿರ್ಧಾರ ಮಾಡತಾರ? ನಮ್ಮ ಕೋಶಾನ ಮಾಡತೈತಿ. ನಮ್ಮ ಮೈಯಾಗಿನ ಒಂದೊಂದು ಕೋಶದ ಮ್ಯಾಲೂ ಸಾವಿರಗಟ್ಟಲೆ ಪ್ರೋಟೀನು, ಸಕ್ಕರಿ ಸರಪಳಿ ಹೊರಗ ಚಾಚಿರತಾವ, ಅವು ಕೋಶದ ದಿನದ ದುಡಿಮಿಗೆ ಇರೋವು. ಕೆಲವು ಹಾರ್ಮೋನಿನ ಸುದ್ದಿ ತಗೋತಾವ, ಕೆಲವು ಕಬ್ಬಿಣದ ಅಂಶ, ಕೊಲೆಸ್ಟ್ರಾಲ್ ಒಳಗ ಎಳಕೋತಾವ, ಕೆಲವು ಪಕ್ಕದ ಕೋಶದ ಕೂಡ ಬಿಗಿಯಾಗಿ ಹಿಡಕೊಂಡು ಕುಂದ್ರತಾವ. ಇವುಗಳೊಳಗ ಯಾವುದೋ ಒಂದನ್ನ ವೈರಸ್ ಹಿಡಕೋತೈತಿ, ಹಂಗ ಹಿಡಿಸಿಕೊಂಡದ್ದಕ್ಕ ರಿಸೆಪ್ಟರ್ ಅಂತಾರ. ವೈರಸ್ಸಿನ ಸಲುವಾಗಿ ಅಂತ ಯಾವ ಕೋಶಾನೂ ರಿಸೆಪ್ಟರ್ ಮಾಡಿ ಇಟ್ಟಿಲ್ಲ. ಅದು ನಮ್ಮ ಕೆಲಸಕ್ಕ ಬೇಕಾಗಿದ್ದ ಸಾಮಾನು, ಹೆಚ್ಚಿನವನ್ನ ತಗದು ಒಗೀತೀನಿ ಅಂದ್ರ ನಮಗ ನಡ್ಯಂಗಿಲ್ಲ.

ಕಾಲುಬಾಯಿ ವೈರಸ್ ಹಿಡಿಯೋದು ಇಂಟೆಗ್ರಿನ್ ಅನ್ನೋ ಜಾತಿಯ ಪ್ರೋಟೀನನ್ನ, ಅದರಾಗೂ ವಿಶೇಷವಾಗಿ ಆಲ್ಫಾ-ವಿ ಬೀಟಾ-6 ಅನ್ನೋದನ್ನ. ಇಂಟೆಗ್ರಿನ್ ಕೆಲಸ ಅಂದ್ರ ಕೋಶವನ್ನ ಅದರ ಸುತ್ತಲಿನ ಹಂದರಕ್ಕ ಗಟ್ಟಿ ಹಿಡಿಸೋದು. ಹಿಡ್ಯಾಕ ಒಂದು ಗುರುತು ಬೇಕಲ್ಲ, ಆ ಹಂದರದ ಪ್ರೋಟೀನುಗಳೊಳಗ ಅರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆ್ಯಸಿಡ್ ಅಂತ ಮೂರು ಅಮೈನೋ ಆ್ಯಸಿಡ್ (ಪ್ರೋಟೀನ್ ಸರದ ಮಣಿ) ಸಾಲಾಗಿ ಬಂದಿರತಾವ, ಇಂಟೆಗ್ರಿನ್ ಆ ಮೂರನ್ನ ಗುರ್ತಿಸಿ ಹಿಡಿತೈತಿ. ಈ ವೈರಸ್ಸಿನ ಚಿಪ್ಪಿನ ಮ್ಯಾಲಿಂದ ಒಂದು ಸಣ್ಣ ಕುಣಿಕಿ ಹೊರಗ ಚಾಚಿ ಅಲ್ಲಾಡತಿರತೈತಿ, ಅದರ ತುದ್ಯಾಗ ನೋಡಿದ್ರ ಬರೋಬ್ಬರಿ ಅವ ಮೂರು ಅಮೈನೋ ಆ್ಯಸಿಡ್ ಕುಂತಾವ! ಕೋಶ ಪಾಪ ತನ್ನ ಹಂದರಾನ ಸಿಕ್ತು ಅಂತ ಹಿಡಕೋತೈತಿ.

ದನದ ಮೈಯಾಗ ಈ ಇಂಟೆಗ್ರಿನ್ ಎಲ್ಲೆಲ್ಲಿ ಐತಿ ಅಂತ ಹುಡುಕಿದಾಗ ನಾಲಿಗಿ ಮ್ಯಾಲಿನ ಪದರು, ಗೊರಸಿನ ಅಂಚು, ಗೊರಸಿನ ಸಂದಿ, ಅಂದ್ರ ಎಲ್ಲಿ ಗುಳ್ಳಿ ಏಳತಾವೋ ಅಲ್ಲಿ ಸಿಕ್ತು, ಗುಳ್ಳಿ ಏಳಲಾರದ ಕೂದಲಿನ ಚರ್ಮದಾಗ ಕಾಣಲಿಲ್ಲ. ಎತ್ತಿನ ಬೆನ್ನು ಯಾಕ ಸ್ವಚ್ಛ ಇರತೈತಿ ಅಂದ್ರ ಇದಕ್ಕ. ಅದರ ಜೊತಿಗೆ ತಿಕ್ಕಾಟಾನೂ ಸೇರತೈತಿ, ಮೇವು ತಿಂದು ತಿಂದು ನಾಲಿಗಿ ತಿಕ್ಕತೈತಿ, ಹೊಲದಾಗ ನಡದು ಗೊರಸು ತಿಕ್ಕತೈತಿ, ತಿಕ್ಕಿದಲ್ಲಿ ಗುಳ್ಳಿ ಜಲ್ದಿ ಒಡೀತೈತಿ.

ಹಂಗಂತ ರಿಸೆಪ್ಟರ್ ಇದ್ರ ರೋಗ ಗ್ಯಾರಂಟಿ ಅಂತ ತಿಳಕೋಬ್ಯಾಡ್ರಿ. ಈ ಇಂಟೆಗ್ರಿನ್ ನಮ್ಮ ಮೈಯಾಗೂ ಐತಿ, ಆದ್ರ ದಿನಾ ಎತ್ತಿನ ಬಾಯಾಗ ಕೈ ಹಾಕಿ ಪಟಕದ ನೀರಲೆ ತೊಳಿಯೋ ರೈತಗ ಈ ಬ್ಯಾನಿ ಬರೋದು ಭಾಳ ಅಂದ್ರ ಭಾಳ ಅಪರೂಪ, ಬಂದ್ರೂ ಹಗೂರ ಇರತೈತಿ. ಹಿಡಕೊಂಡ ಮ್ಯಾಲೂ ಒಳಗ ಹೋಗಿ ಬಿಚ್ಚಬೇಕು, ನಕಲು ಆಗಬೇಕು, ಕೋಶದ ಕಾವಲು ತಪ್ಪಿಸಬೇಕು, ಒಂದು ಕಡೆ ತಪ್ಪಿದ್ರ ಮುಗೀತು. ಇಲ್ಲಿ ಇನ್ನೊಂದು ಮಾತ ಹೇಳೇಬಿಡತೀನಿ, ಅಂಗನವಾಡಿ, ಎಲ್‌ಕೆಜಿ ಹುಡುಗೂರಿಗೆ ಕೈಕಾಲು, ಬಾಯಾಗ ಗುಳ್ಳಿ ಬರತಾವಲ್ಲ, ಹ್ಯಾಂಡ್ ಫುಟ್ ಮೌತ್ ಅಂತ ಡಾಕ್ಟರು ಬರದು ಕೊಡತಾರ, ಅದು ಬ್ಯಾರೆ ವೈರಸ್ಸು, ದನದಿಂದ ಬರೋದಲ್ಲ, ಸುಮ್ನ ಆಕಳನ್ನ ಬೈಬ್ಯಾಡ್ರಿ.

ಇನ್ನ ಒಳಗ ಹೋಗೋ ಪಾಳಿ. ಮಂದಿ ತಿಳಕೊಂಡಂಗ ಈ ವೈರಸ್ ಗ್ವಾಡಿ ಒಡದು ನುಗ್ಗಂಗಿಲ್ಲ, ಕೋಶಾನ ಅದನ್ನ ಒಳಗ ಎಳಕೋತೈತಿ. ಇಂಟೆಗ್ರಿನ್ನಿಗೆ ಏನರ ಹತ್ತಿಕೊಂಡ್ರ ಕೋಶದ ಪೊರಿ ಆ ಜಾಗದಾಗ ಕುಣಿ ಬೀಳತೈತಿ, ಕುಣಿ ಆಳ ಆಗಿ ಆಗಿ ಬಾಯಿ ಮುಚ್ಚಿ ಒಂದು ಸಣ್ಣ ಚೀಲ ಆಗಿ ಒಳಗ ಹೋಗತೈತಿ, ಅದಕ್ಕ ಎಂಡೋಸೋಮ್ ಅಂತಾರ, ಕಬ್ಬಿಣದ ಅಂಶ, ಕೊಲೆಸ್ಟ್ರಾಲ್ ಎಲ್ಲಾ ಒಳಗ ಬರೋದು ಇದ ದಾರ್ಯಾಗ. ಆ ಚೀಲದೊಳಗ ಕೋಶ ಆ್ಯಸಿಡ್ ತುಂಬತೈತಿ, ಒಳಗ ಬಂದದ್ದನ್ನ ಬಿಡಿಸಿ ಅರಗಿಸಿಕೊಳ್ಳಾಕ. ವೈರಸ್ ಕಾಯತಿದ್ದದ್ದ ಇದಕ್ಕ. ಪಿಎಚ್ (ಹುಳಿಯ ಅಳತಿ, ಇಳದಷ್ಟು ಹುಳಿ ಹೆಚ್ಚು) 6.5ಕ್ಕಿಂತ ಕೆಳಗ ಇಳಿಯೋದ ತಡ, ಕಾಲುಬಾಯಿ ವೈರಸ್ಸಿನ ಚಿಪ್ಪು 12 ತುಂಡಾಗಿ ಕಳಚಿ ಬೀಳತೈತಿ, ಒಳಗಿನ ಆರ್‌ಎನ್‌ಎ ಪೊರಿ ದಾಟಿ ಕೋಶದ ನಡುವ ಬಂದು ಬೀಳತೈತಿ. ಕೋಶದ ರೈಬೋಸೋಮಿಗೆ ಯಾರ ಆರ್‌ಎನ್‌ಎ ಅಂತ ಗೊತ್ತಾಗಂಗಿಲ್ಲ, ಸಿಕ್ಕದ್ದನ್ನ ಓದಿ ಪ್ರೋಟೀನ್ ಕಟ್ಟತೈತಿ. ಕೆಲವ ತಾಸಿನ್ಯಾಗ ಸಾವಿರಾರು ಹೊಸ ವೈರಸ್, ಕೋಶ ಒಡೀತೈತಿ, ಸುತ್ತಲಿನ ಕೋಶಾನೂ ಒಡೀತಾವ, ಆ ಸತ್ತ ಪದರಿನ ನಡುವ ನೀರು ತುಂಬತೈತಿ. ಅದ ಗುಳ್ಳಿ.

ಈ ಆ್ಯಸಿಡ್ ವಿಷಯ ತಿಳದ್ರ ಇನ್ನೊಂದು ಮಾತೂ ತಿಳೀತೈತಿ. ಕೊಟಗಿ ತೊಳ್ಯಾಕ ದನದ ಡಾಕ್ಟರು ಸಿಟ್ರಿಕ್ ಆ್ಯಸಿಡ್ಡರ ಹೇಳತಾರ, ಇಲ್ಲಾ ವಾಷಿಂಗ್ ಸೋಡಾ ನೀರರ ಹೇಳತಾರ, ಒಂದು ಹುಳಿ, ಇನ್ನೊಂದು ಕ್ಷಾರ, ಎರಡೂ ಕೆಲಸ ಮಾಡತಾವ, ಯಾಕಂದ್ರ ಈ ಚಿಪ್ಪಿಗೆ ಎರಡೂ ಕಡೆ ತಡಕೊಳ್ಳೋ ತಾಕತ್ತಿಲ್ಲ. ಹೊರಗ ಕೊಟಗ್ಯಾಗ ಕಳಚಿ ಬಿದ್ರ ಆರ್‌ಎನ್‌ಎ ಮಣ್ಣಪಾಲು, ಕೋಶದೊಳಗ ಕಳಚಿದ್ರ ರೋಗ. ಕಳಚೋದು ಒಂದ, ಜಾಗ ಬ್ಯಾರೆ.

ಫ್ಲೂ ವೈರಸ್ಸಿನ ನಮೂನಿ ಬ್ಯಾರೆ. ಅದು ಹಿಡಿಯೋದು ಸಯಾಲಿಕ್ ಆ್ಯಸಿಡ್ ಅನ್ನೋ ಸಕ್ಕರಿ ತುದಿಯನ್ನ, ಮೂಗು, ಗಂಟಲದ ಕೋಶದ ಮ್ಯಾಲ ಇದು ಧಂಡಿಯಾಗಿ ಇರತೈತಿ. ಒಂದ ಹಿಡಿತ ನೋಡಿದ್ರ ಭಾಳ ಸಡಿಲ, ಕ್ಷಣದಾಗ ಬಿಡತೈತಿ, ಆದ್ರ ಫ್ಲೂ ವೈರಸ್ಸಿನ ಮೈಮ್ಯಾಲ ಹೀಮಾಗ್ಲುಟಿನಿನ್ ಅನ್ನೋ ಮೊಳಿ ನೂರಾರು ಇರತಾವ. ಹೊಲದ ಬದುವಿನ ಮ್ಯಾಲ ಹಾದು ಬಂದಾಗ ಧೋತ್ರಕ್ಕ ಉತ್ತರಾಣಿ ಹತ್ತತೈತಲ್ಲ, ಒಂದು ಕಾಳು ಹತ್ತಿದ್ರ ಝಾಡಿಸಿದ್ರ ಬೀಳತೈತಿ, ಪೂರಾ ತೆನಿ ಉದ್ದಕ ಹತ್ತಿತು ಅಂದ್ರ ಅರಿವಿ ಹರದ್ರೂ ಬಿಡಂಗಿಲ್ಲ, ಹಂಗ ಇದು. ಒಂದು ಹಿಡಿತ ಬಿಡೋದ್ರಾಗ ಹತ್ತು ಹಿಡಿತ ಬಿದ್ದಿರತಾವ. ಬಿಟ್ಟೂ ಬಿಟ್ಟೂ ಹಿಡಿಯೋದ್ರಿಂದ ಕೋಶದ ಮ್ಯಾಲ ಜರೀತ ಹೋಗಿ ಸರಿ ಜಾಗ ಸಿಗೋತನಕ ಹುಡುಕಾಡತೈತಿ ಕೂಡ.

ಈ ಸಕ್ಕರಿ ತುದಿ ಕೆಳಗಿನ ಸಕ್ಕರಿಗೆ ಜೋಡಣಿ ಆಗೋ ರೀತಿ ಎರಡು ಐತಿ, 2-3 ಮತ್ತ 2-6 ಅಂತ ಕರೀತಾರ. ಹಕ್ಕಿ ಕರಳಿನ್ಯಾಗ 2-3 ಹೆಚ್ಚು, ನಮ್ಮ ಮೂಗು ಗಂಟಲದಾಗ 2-6 ಹೆಚ್ಚು, 2-3 ನಮ್ಮಲ್ಲಿ ಇರೋದು ಫುಪ್ಪುಸದ ಆಳದಾಗ. ಕೋಳಿಜ್ವರ ಮನಷ್ಯಾರಿಗೆ ಸುಲಭಕ್ಕ ಹತ್ತಂಗಿಲ್ಲ, ಹತ್ತಿದ್ರ ಮಾತ್ರ ಗಂಭೀರ ನ್ಯುಮೋನಿಯಾ ಆಗತೈತಿ, ಒಬ್ಬರಿಂದ ಒಬ್ಬರಿಗೆ ಹರಡೋದು ಕಡಿಮಿ ಅಂತಾರಲ್ಲ, ಅದಕ್ಕ ಇದೊಂದು ದೊಡ್ಡ ಕಾರಣ. ಆಳದಾಗಿನ ವೈರಸ್ಸು ಕೆಮ್ಮಿದ್ರ ಹೊರಗ ಬರೋದು ಕಷ್ಟ, ಮೂಗಿನ್ಯಾಗಿಂದು ಒಂದು ಸೀನಿಗೆ ಬರತೈತಿ. ವಿಜ್ಞಾನಿಗಳು ಕೋಳಿಜ್ವರದ ಮ್ಯಾಲ ಕಣ್ಣಿಟ್ಟು ಕುಂತಿರೋದು ಈ ಹಿಡಿತ 2-3ರಿಂದ 2-6ಕ್ಕ ಯಾವಾಗರ ತಿರುಗೀತು ಅಂತ. ಅದಕ್ಕ ಭಾಳ ಬದಲಾವಣಿ ಬೇಕಾಗಿಲ್ಲ, ಹೀಮಾಗ್ಲುಟಿನಿನ್ನಿನ್ಯಾಗ ಒಂದೆರಡು ಅಮೈನೋ ಆ್ಯಸಿಡ್ ಬದಲಾದ್ರೂ ಒಲವು ತಿರುಗಬಹುದು.

ಇಷ್ಟು ಗಟ್ಟಿ ಹಿಡಿಯೋ ವೈರಸ್ಸಿಗೆ ಹೊರಗ ಹೋಗೋದ ದೊಡ್ಡ ಪಂಚಾಯ್ತಿ. ಹೊಸದಾಗಿ ಹುಟ್ಟಿದ ವೈರಸ್ಸುಗಳು ಹುಟ್ಟಿದ ಕೋಶದ ಸಕ್ಕರಿಗೇ ಹತ್ತಿಕೊಂಡು ಕುಂತಬಿಡತಾವ. ಅದಕ್ಕ ಫ್ಲೂ ಜೊತಿಗೆ ನ್ಯೂರಾಮಿನಿಡೇಸ್ ಅನ್ನೋ ಕತ್ರಿ ಇಟ್ಟಕೊಂಡು ಬಂದಿರತೈತಿ, ಆ ಸಕ್ಕರಿ ತುದಿ ಕತ್ತರಿಸಿ ಬಿಡಿಸಿಕೊಂಡು ಹೋಗತೈತಿ. ಎಚ್1ಎನ್1 ಅಂತ ಪೇಪರಿನ್ಯಾಗ ಓದತೀರಲ್ಲ, ಎಚ್ ಅಂದ್ರ ಆ ಮೊಳಿ, ಎನ್ ಅಂದ್ರ ಈ ಕತ್ರಿ. 2009ರ ಹಂದಿಜ್ವರದಾಗ ಎಲ್ಲಾರೂ ಕೇಳಿದ ಟ್ಯಾಮಿಫ್ಲೂ ಗುಳಗಿ ಈ ಕತ್ರಿಯನ್ನ ಕಟ್ಟಿ ಹಾಕತೈತಿ. ವೈರಸ್ ಒಳಗ ಹೋಗೋದನ್ನ ಅದು ತಡ್ಯಂಗಿಲ್ಲ, ಹುಟ್ಟಿದ್ದು ಹರಡೋದನ್ನ ತಡೀತೈತಿ, ಅದಕ್ಕ ಜ್ವರ ಬಂದ ಎರಡು ದಿನದೊಳಗ ತಗೋಬೇಕು ಅಂತಾರ, ತಡಾ ಆದ್ರ ಹರಡೋದು ಹರಡಿ ಮುಗದಿರತೈತಿ.

ಕರೋನಾ ವಿಷಯಕ್ಕ ಬರೋಣ, ಇದರದ್ದು ಭಾಳ ಬರದಾರ, ಆದ್ರ ಒಂದು ಕಡೆ ನಿಂತು ನೋಡೋವಂಥಾದ್ದು ಐತಿ. ಇದರ ಮೈಮ್ಯಾಲ ಸುಮಾರು 25ರಿಂದ 40 ಸ್ಪೈಕ್, ಅಂದ್ರ ಮುಳ್ಳು, ಇರತಾವ, ಒಂದೊಂದು ಸ್ಪೈಕೂ ಮೂರು ಒಂದ ನಮೂನಿ ಪ್ರೋಟೀನ್ ಹೆಣಕೊಂಡು ಆಗಿದ್ದು. ತುದ್ಯಾಗಿನ ಹಿಡಿಯೋ ಭಾಗ ಯಾವಾಗಲೂ ಹೊರಗ ಇರಂಗಿಲ್ಲ, ಕೆಳಗ ಮಡಚಿಕೊಂಡು ಕುಂತಿರತೈತಿ, ನಡುವ ನಡುವ ಮ್ಯಾಲ ಏಳತೈತಿ, ಎದ್ದಾಗ ಎಸಿಇ2 ಅನ್ನೋ ಪ್ರೋಟೀನ್ ಸಿಕ್ರ ಹಿಡಿತೈತಿ. ಎಸಿಇ2 ನಮ್ಮ ಮೈಯಾಗ ಬೀಪಿ ಹದಕ್ಕ ಇಡೋ ಕೆಲಸದಾಗ ಇರೋದು. ಹಂಗಾಗಿ 2020ರಾಗ ಬೀಪಿ ಗುಳಗಿ ತಗೊಂಡ್ರ ಕರೋನಾ ಜಾಸ್ತಿ ಆಗತೈತಿ ಅಂತ ಸುದ್ದಿ ಹಬ್ಬಿ ಎಷ್ಟೋ ಮಂದಿ ಗುಳಗಿ ಬಿಟ್ಟು ಕುಂತ್ರು, ಹೃದಯದ ಡಾಕ್ಟರು ಬಿಡಬ್ಯಾಡ್ರಪ್ಪಾ ಅಂತ ಹೇಳಬೇಕಾತು.

ಹಿಡದ ಮ್ಯಾಲ ಮುಂದಿನ ಕೆಲಸ ಕತ್ತರಿಸೋದು. ಸ್ಪೈಕಿನ ನಡುವ ಒಂದು ಜಾಗದಾಗ ಫ್ಯೂರಿನ್ ಅನ್ನೋ ನಮ್ಮ ಕಿಣ್ವ ಮೊದಲ ಒಂದು ಪೆಟ್ಟು ಕೊಟ್ಟಿರತೈತಿ, ವೈರಸ್ ಹಿಂದಿನ ಕೋಶದಿಂದ ಹೊರಗ ಬರೋವಾಗನ. ಈಗ ಹೊಸ ಕೋಶದ ಮ್ಯಾಲಿನ ಟಿಎಂಪಿಆರ್‌ಎಸ್ಎಸ್2 ಅನ್ನೋ ಇನ್ನೊಂದು ಕಿಣ್ವ ಎರಡನೇ ಪೆಟ್ಟು ಕೊಡತೈತಿ. ಎರಡೂ ಕತ್ರಿ ನಮ್ಮವ, ವೈರಸ್ಸಿನವಲ್ಲ. ಕತ್ತರಿಸಿದ ಕೂಡಲೇ ಸ್ಪೈಕಿನ ಮ್ಯಾಲಿನ ಅರ್ಧ ಕಳಚಿ ಹೋಗತೈತಿ, ಕೆಳಗಿನ ಅರ್ಧದೊಳಗ ಮಡಚಿ ಇಟ್ಟಿದ್ದ ಚೂಪಾದ ತುದಿ ಉದ್ದಕ ಚಾಚಿ ನಮ್ಮ ಕೋಶದ ಪೊರ್ಯಾಗ ನೆಡತೈತಿ, ಆಮ್ಯಾಲ ಆ ಇಡೀ ಪ್ರೋಟೀನು ನಡುವ ಮಡಚಿಕೋತೈತಿ. ಒಂದು ತುದಿ ವೈರಸ್ಸಿನ ಪೊರ್ಯಾಗ, ಇನ್ನೊಂದು ತುದಿ ನಮ್ಮ ಪೊರ್ಯಾಗ, ನಡುವ ಮಡಚಿದ್ರ ಏನಾಗತೈತಿ, ಎರಡೂ ಪೊರಿ ಒಂದಕ್ಕೊಂದು ಹತ್ತಿ ಬೆರತು ಒಂದಾಗಿ ಬಿಡತಾವ. ಒಳಗಿನ ಆರ್‌ಎನ್‌ಎ ಸೀದಾ ನಮ್ಮ ಕೋಶದೊಳಗ. ಇದಕ್ಕ ಬ್ಯಾರೆ ಇಂಧನ ಬೇಕಾಗಿಲ್ಲ, ಸ್ಪೈಕ್ ತಯಾರಾಗೋವಾಗನ ಬಿಗಿಯಾಗಿ ಮಡಚಿಟ್ಟ ಶಕ್ತಿ ಸಾಕು. ಒಮ್ಮೆ ಬಿಚ್ಚಿದ ಸ್ಪೈಕ್ ಮತ್ತ ಮಡಚಾಕ ಬರಂಗಿಲ್ಲ, ಕೋಶ ಸಿಗೋಕಿಂತ ಮೊದಲ ಬಿಚ್ಚಿಕೊಂಡ್ರ ಆ ಸ್ಪೈಕ್ ವೇಸ್ಟ್.

ಮೂಗಿನ ವಾಸನಿ ಹೋಗಿದ್ದು ನೆನಪೈತಿಲ್ಲ? ಎಷ್ಟೋ ಮಂದಿ ಒಗ್ಗರಣಿ ಹೊಗಿ ಮೂಗಿಗೆ ಬಡದ್ರೂ ಗೊತ್ತಾಗವಲ್ದು ಅಂತಿದ್ರು. ವಾಸನಿ ಹಿಡಿಯೋ ನರಕೋಶದ ಮ್ಯಾಲ ಎಸಿಇ2 ಇಲ್ಲ, ಅವುಗಳ ಪಕ್ಕದಾಗ ನಿಂತು ಅವನ್ನ ಸಾಕೋ ಆಸರಿ ಕೋಶದ ಮ್ಯಾಲ ಐತಿ. ವೈರಸ್ ಹಿಡದದ್ದು ಆಸರಿ ಕೋಶಾನ, ಆಸರಿ ಸತ್ತಾಗ ನರಕೋಶ ಕೆಲಸ ಬಿಟ್ತು. ಆಸರಿ ಕೋಶ ಮತ್ತ ಬೆಳೀತಾವ, ಅದಕ್ಕ ಹೆಚ್ಚಿನ ಮಂದಿಗೆ ವಾಸನಿ ತಿರುಗಿ ಬಂತು.

ಕರೋನಾ, ಫ್ಲೂ ಇವಕ್ಕ ಮ್ಯಾಲ ಒಂದು ಕೊಬ್ಬಿನ ಪೊರಿ ಐತಿ, ಅದು ವೈರಸ್ ಮಾಡಿಕೊಂಡದ್ದಲ್ಲ, ಹಿಂದಿನ ಕೋಶದಿಂದ ಹೊರಗ ಬರೋವಾಗ ಹರಕೊಂಡು ಬಂದದ್ದು. ಸೋಪು ಆ ಕೊಬ್ಬನ್ನ ಕರಗಿಸಿ ಬಿಡತೈತಿ, ಸ್ಯಾನಿಟೈಜರೂ ಹಂಗ. ಪೋಲಿಯೋ, ಕಾಲುಬಾಯಿ, ವಾಂತಿ-ಭೇದಿ ತರೋ ನೋರೋವೈರಸ್ ಇವಕ್ಕ ಕೊಬ್ಬಿನ ಪೊರಿ ಇಲ್ಲ, ಬರೇ ಪ್ರೋಟೀನ್ ಚಿಪ್ಪು, ಇವಕ್ಕ ಸ್ಯಾನಿಟೈಜರ್ ಅಷ್ಟಾಗಿ ನಡ್ಯಂಗಿಲ್ಲ. ಸೋಪು ಹಚ್ಚಿ ತಿಕ್ಕಿ ನೀರಲೆ ತೊಳದು ಹರಿಸಿ ಬಿಡೋದ ಒಳ್ಳೇದು. ಮದಿವಿ ಊಟದ ಮುಂದ ಕೈಗೆ ಎರಡು ಹನಿ ಸ್ಯಾನಿಟೈಜರ್ ಹಾಕೊಂಡು ಕುಂದ್ರೋವ್ರಿಗೆ ಈ ಮಾತು.

2006ರ ಚಿಕುನ್‌ಗುನ್ಯಾ ನಮ್ಮ ಕಡೆ ಯಾರು ಮರ್ತಾರ ಹೇಳ್ರಿ. ಬಾಗಲಕೋಟ, ವಿಜಯಪುರ, ಬೆಳಗಾವಿ ಕಡೆ ಓಣಿಗೆ ಓಣಿ ಮಲಗಿತ್ತು, ಆ ವರ್ಷ ದೇಶದಾಗ 13 ಲಕ್ಷಕ್ಕಿಂತ ಹೆಚ್ಚು ಸಂಶಯದ ಕೇಸ್ ಬರದಾವ, ಅದರಾಗ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಜ್ವರ ಮೂರ್ನಾಲ್ಕು ದಿನಕ್ಕ ಬಿಟ್ತು, ಕೀಲು ನೋವು ಮಾತ್ರ ತಿಂಗಳಗಟ್ಟಲೆ ಬಿಡಲಿಲ್ಲ, ಮುಂಜಾನೆ ಎದ್ದು ಮುಷ್ಟಿ ಹಿಡ್ಯಾಕ ಆಗತಿರಲಿಲ್ಲ, ರೊಟ್ಟಿ ಬಡ್ಯಾಕ ಕೈ ಏಳತಿರಲಿಲ್ಲ ಹೆಣ್ಣಮಕ್ಕಳಿಗೆ. ಸೊಳ್ಳಿ ಕಚ್ಚಿದ್ದು ಚರ್ಮಕ್ಕ, ನೋವು ಯಾಕ ಕೀಲಿಗೆ? ಇದರ ಒಂದು ರಿಸೆಪ್ಟರ್ ಸಿಕ್ಕದ್ದ 2018ರಾಗ, ಎಂಎಕ್ಸ್‌ಆರ್‌ಎ8 ಅಂತ ಅದರ ಹೆಸರು, ಅದು ಕೀಲಿನ ಮೃದ್ವಸ್ಥಿ ಕೋಶ, ಎಲುವು ಕಟ್ಟೋ ಕೋಶ, ಕೀಲಿನ ಒಳಪದರಿನ ಕೋಶದ ಮ್ಯಾಲ ಐತಿ. ವೈರಸ್ ಅಲ್ಲಿ ಹೋಗಿ ಕೂಡೋದು ಇನ್ನ ಯಾವ ಸೀಮಿ ಆಶ್ಚರ್ಯ.

ಇದಕ್ಕಿಂತ ನನಗ ಸೇರಿದ್ದು ಆಕಳ ಕಥಿ. ಅದ ಓಣ್ಯಾಗ, ಅದ ಸೊಳ್ಳಿ ಕಡಕೊಂಡು ನಿಂತ ದನಕ್ಕ ಚಿಕುನ್‌ಗುನ್ಯಾ ಬರಲಿಲ್ಲ. 2020ರಾಗ ಗೊತ್ತಾತು, ದನದ ಎಂಎಕ್ಸ್‌ಆರ್‌ಎ8ನ್ಯಾಗ ನಮ್ಮದರಾಗ ಇರಲಾರದ 15 ಅಮೈನೋ ಆ್ಯಸಿಡ್‌ನ ಒಂದು ಹೆಚ್ಚಿನ ತುಂಡು ಐತಿ, ಬರೋಬ್ಬರಿ ವೈರಸ್ ಹಿಡಿಯೋ ಜಾಗದಾಗ ಅದು ಅಡ್ಡ ಬಂದು ನಿಂತೈತಿ. ಆ ತುಂಡು ತಗದು ನೋಡಿದ್ರು, ವೈರಸ್ ಹತ್ತಿಕೊಳ್ತು. ಅದ ತುಂಡನ್ನ ಇಲಿಗೆ ಸೇರಿಸಿದ್ರು, ಇಲಿಗೆ ರೋಗ ಕಡಿಮಿ ಆತು. ಕಾಲುಬಾಯಿ ದನಕ್ಕ ಬಂದು ನಮ್ಮನ್ನ ಬಿಡತೈತಿ, ಚಿಕುನ್‌ಗುನ್ಯಾ ನಮಗ ಬಂದು ದನಾನ ಬಿಡತೈತಿ, ಎರಡೂ ಒಂದ ಅಂಗಳದಾಗ.

ರಿಸೆಪ್ಟರ್ ಒಂದರಿಂದ ಎಷ್ಟು ಆಗತೈತಿ ಅನ್ನೋದಕ್ಕ ಪೋಲಿಯೋದ ಪ್ರಯೋಗಕ್ಕಿಂತ ಸ್ವಚ್ಛ ಸಾಕ್ಷಿ ಇಲ್ಲ. ಮನಷ್ಯಾರ ಪೋಲಿಯೋ ಸಾಮಾನ್ಯ ಇಲಿಗೆ ಹತ್ತಂಗಿಲ್ಲ. ಮನಷ್ಯಾರ ಕೋಶದ ಮ್ಯಾಲಿನ ಸಿಡಿ155 ಅನ್ನೋ ಪ್ರೋಟೀನ್ ಪೋಲಿಯೋದ ರಿಸೆಪ್ಟರ್ ಅಂತ 1989ರಾಗ ಸಿಕ್ಕಿತು, ಮರುವರ್ಷ ಅಮೆರಿಕಾದ ವಿನ್ಸೆಂಟ್ ರಾಕಾನಿಯೆಲ್ಲೋ ಅವರ ಲ್ಯಾಬಿನ್ಯಾಗ ಆ ಒಂದ ಜೀನನ್ನ ಇಲಿಗೆ ಹಾಕಿದ್ರು. ಆ ಇಲಿಗಳಿಗೆ ಪೋಲಿಯೋ ಬಂತು, ಕಾಲು ಸ್ವಾಧೀನ ತಪ್ಪಿದುವು. ಒಂದ ಪ್ರೋಟೀನ್. ಎಚ್ಐವಿ ಕಥ್ಯಾಗ ಇದು ಉಲ್ಟಾ ಐತಿ, ಅದಕ್ಕ ಸಿಡಿ4 ಅನ್ನೋ ರಿಸೆಪ್ಟರ್ ಜೊತಿಗೆ ಸಿಸಿಆರ್5 ಅನ್ನೋ ಇನ್ನೊಂದು ಹಿಡಿಕಿನೂ ಸಾಮಾನ್ಯವಾಗಿ ಬೇಕು, ಸಿಸಿಆರ್5 ಹುಟ್ಟಿನಿಂದ ಇರಲಾರದ ಕೆಲವ ಮಂದಿ, ಹೆಚ್ಚಾಗಿ ಯುರೋಪ್ ಮೂಲದವರು, ಅದರಿಂದ ಬಚಾವ್ ಆಗತಾರ. ಬರ್ಲಿನ್‌ನ್ಯಾಗ ರಕ್ತದ ಕ್ಯಾನ್ಸರಿಗೆ ಅಂಥಾ ದಾನಿಯ ಮಜ್ಜಿ ಹಾಕಿಸಿಕೊಂಡ ಟಿಮೊಥಿ ರೇ ಬ್ರೌನ್ ಎಚ್ಐವಿಯಿಂದ ಪೂರಾ ಬಿಡುಗಡಿ ಆದ ಮೊದಲನೇ ಮನಷ್ಯಾ.

ಎಲ್ಲಾ ವೈರಸ್ಸೂ ಹಿಂಗ ಒಂದ ರಿಸೆಪ್ಟರ್ ಹಿಡಕೊಂಡು ಕುಂದ್ರಂಗಿಲ್ಲ ಮತ್ತ. 2022ರಾಗ ನಮ್ಮ ದನಾ ಕಾಡಿದ ಲಂಪಿ, ಅಂದ್ರ ಚರ್ಮಗಂಟು ರೋಗ, ಸಿಡುಬಿನ ಬಳಗದ್ದು. ಈ ಬಳಗದ ವೈರಸ್ಸುಗಳು ದೊಡ್ಡವು, ಎಲ್ಲಾ ಕೋಶದ ಮ್ಯಾಲೂ ಇರೋ ಸಕ್ಕರಿ ಸರಪಳಿಗೆ ಹತ್ತಿಕೊಂಡು, ಹತ್ತಕ್ಕಿಂತ ಹೆಚ್ಚು ಪ್ರೋಟೀನ್ ಕೂಡಿ ಪೊರಿ ಬೆರಸತಾವ. ಇವುಗಳ ಒಳಗ ಹೋಲಿಕಿ ಎಷ್ಟಂದ್ರ ಲಂಪಿಗೆ ಮೊದಲ ಕೊಟ್ಟದ್ದು ಆಡಿನ ಸಿಡುಬಿನ ಲಸಿಕಿ. ಬೆಳಗಾವಿ ಟಿಳಕವಾಡಿ ವ್ಯಾಕ್ಸಿನ್ ಡಿಪೋದಾಗ ಈಗ ಮಂದಿ ವಾಕಿಂಗ್ ಮಾಡತಾರ, ಒಂದು ಕಾಲಕ್ಕ ಅಲ್ಲಿ ಸಿಡುಬಿನ ಲಸಿಕಿ ತಯಾರಾಗತಿತ್ತು, ಅದೂ ಇದ ಲೆಕ್ಕ, ಹೋಲೋ ಇನ್ನೊಂದು ವೈರಸ್ ತೋರಿಸಿ ಸಿಡುಬಿಗೆ ತಯಾರ ಮಾಡೋದು.

ಇನ್ನ ರಿಸೆಪ್ಟರ್ ಅನ್ನೋದ ಬೇಕಾಗಲಾರದ ಒಂದು ಲೋಕ ಐತಿ, ನಮ್ಮ ಹೊಲದ ಬೆಳಿ. ಗಿಡದ ಕೋಶಕ್ಕ ಹೊರಗ ಗಟ್ಟಿ ಗ್ವಾಡಿ ಇರತೈತಿ, ವೈರಸ್ ಎಷ್ಟ ಬಡದ್ರೂ ಪೊರಿ ಸಿಗಂಗಿಲ್ಲ. ಹಂಗಾಗಿ ಅವು ಗಾಯಾ ಹುಡುಕತಾವ, ಇಲ್ಲಾ ಹುಳದ ಬಾಯಾಗ ಹೋಗತಾವ. ಬೆಂಡಿಗಿಡದ ಎಲಿ ನರಾ ಹಳದಿ ಆಗೋ ನಂಜು ಬಿಳಿನೊಣದ ಸೂಜಿಯಿಂದ, ಪಪ್ಪಾಯದ ರಿಂಗ್‌ಸ್ಪಾಟ್ ಸಸ್ಯಹೇನಿನಿಂದ. ವೈರಸ್ಸಿಗೆ ಔಷಧ ಕೊಡ್ರಿ ಅಂತ ಅಂಗಡ್ಯಾಗ ಕೇಳಿದ್ರ ಅವ ಕೊಡೋದು ನೊಣಾ ಸಾಯೋ ಎಣ್ಣಿ, ಹಳದಿ ಅಂಟಿನ ಹಾಳಿ, ಅವ ಮೋಸ ಮಾಡಾಕ ಹತ್ತಿಲ್ಲ, ಇರೋ ದಾರೀನ ಅದು. (ದಾಳಿಂಬಿ ಅಂಗಮಾರಿಗೆ ವೈರಸ್ ಅಂತಾರ ಕೆಲವರು, ಅದು ದುಂಡಾಣು, ಬ್ಯಾಕ್ಟೀರಿಯಾ, ಬ್ಯಾರೇನ ಲೆಕ್ಕ.)

ತಂಬಾಕು ಬೆಳಿಯೋ ನಿಪ್ಪಾಣಿ ಕಡೆಯವ್ರು ಹೆಮ್ಮಿ ಪಡಬೇಕೋ ಬ್ಯಾಡೋ ಗೊತ್ತಿಲ್ಲ, ಜಗತ್ತಿನ್ಯಾಗ ಮೊದಲ ಗುರ್ತು ಸಿಕ್ಕ ವೈರಸ್ಸು ತಂಬಾಕಿಂದ. ರೋಗ ಬಂದ ತಂಬಾಕಿನ ಎಲಿ ರಸ ಬ್ಯಾಕ್ಟೀರಿಯಾ ತಡಿಯೋ ಸೋಸಣಿಗಿ ಹಾಯ್ದು ಬಂದ್ರೂ ರೋಗ ಹಚ್ಚತೈತಿ ಅಂತ 1892ರಾಗ ರಶಿಯಾದ ಇವನೋವ್‌ಸ್ಕಿ ತೋರಿಸಿದ, 1898ರಾಗ ಹಾಲೆಂಡಿನ ಬೈಜರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲ, ಬ್ಯಾರೇನ ಅಂದ. ಅದ ಹೊತ್ತಿಗೆ ಜರ್ಮನಿಯ ಲೋಫ್ಲರ್ ಮತ್ತ ಫ್ರಾಷ್ ಪ್ರಾಣಿಗಳಾಗ ಮೊದಲನೇ ವೈರಸ್ ಹಿಡದ್ರು, ಅದು ಯಾವುದಂದ್ರ ನಮ್ಮ ಕಾಲುಬಾಯಿ ಬ್ಯಾನಿದ. ತಂಬಾಕಿನ ವೈರಸ್ 300 ನ್ಯಾನೋಮೀಟರ್ ಉದ್ದದ ಕೋಲು, ಕುಡಿ ಚಿವುಟೋ ಕೈಗೆ, ಕತ್ತಿಗೆ ಹತ್ತಿ ಗಿಡದಿಂದ ಗಿಡಕ್ಕ ಹೋಗತೈತಿ, ಒಂದು ಕೋಶಕ್ಕ ಹೊಕ್ಕಿತು ಅಂದ್ರ ಮುಂದ ಕೋಶಕ್ಕ ಕೋಶಕ್ಕ ಇರೋ ಸಣ್ಣ ಕಿಂಡಿಗಳನ್ನ ಅಗಲ ಮಾಡಿಕೋತ ದಾಟತೈತಿ.

ಕಡೀಕ ಹುಚ್ಚನಾಯಿ ವಿಷಯ, ಇದನ್ನ ಬರೀಲಿಕ್ಕಂತನ ಇಷ್ಟೆಲ್ಲಾ ಬರದೆ ಅಂದ್ರೂ ನಡೀತೈತಿ. ರೇಬಿಸ್ ವೈರಸ್ ಕಚ್ಚಿದ ಜಾಗದಾಗ, ಸ್ನಾಯುವಿನ ಒಳಗ ಬಿದ್ದಿರತೈತಿ. ಅದಕ್ಕ ಬೇಕಾಗಿರೋದು ನರದ ತುದಿ. ನರ ಸ್ನಾಯುವಿಗೆ ಅಪ್ಪಣಿ ಕೊಡೋ ಜಾಗದಾಗ ಅಸಿಟೈಲ್‌ಕೋಲೀನ್ ರಿಸೆಪ್ಟರ್ ಅಂತ ಇರತೈತಿ, ನಾಗರಹಾವಿನ ವಿಷ ಹೋಗಿ ಕೂಡೋದೂ ಅಲ್ಲೇ, ರೇಬಿಸ್ಸಿನ ಮೈಮ್ಯಾಲಿನ ಪ್ರೋಟೀನಿನ ಒಂದು ಭಾಗ ಹಾವಿನ ವಿಷಕ್ಕ ಹೋಲತೈತಿ ಕೂಡ. ಇದರ ಜೊತಿ ಇನ್ನ ಒಂದೆರಡು ರಿಸೆಪ್ಟರ್ ಹಿಡಕೊಂಡು ನರದೊಳಗ ಸೇರಿತು ಅಂದ್ರ, ನರದ ಒಳಗ ಸಾಮಾನು ಸಾಗಿಸೋ ಮೋಟರ್ ಪ್ರೋಟೀನಿನ ಮ್ಯಾಲ ಕುಂತು ಮಿದುಳಿನ ಕಡೆ ಹೊಂಟಬಿಡತೈತಿ, ದಿನಕ್ಕ ಹೆಚ್ಚು ಕಡಿಮಿ 5ರಿಂದ 10 ಸೆಂಟಿಮೀಟರ್. ಕಾಲಿಗೆ ಕಚ್ಚಿದ್ರ ದಾರಿ ಉದ್ದ, ಮುಖಕ್ಕ ಕಚ್ಚಿದ್ರ ದಾರಿ ಗಿಡ್ಡ. ಲಕ್ಷಣ ಕಾಣಾಕ ಸಾಮಾನ್ಯ ಎರಡು ಮೂರು ತಿಂಗಳು, ಕೆಲವೊಮ್ಮೆ ವಾರದೊಳಗ, ಕೆಲವೊಮ್ಮೆ ವರ್ಷ. ಲಕ್ಷಣ ಬಂದ ಮ್ಯಾಲ ಉಳಿಯೋರು ಇಲ್ಲ ಅಂತನ ತಿಳೀರಿ.

ಅಂದ್ರ ಕಚ್ಚಿದ ಹೊತ್ತಿನಿಂದ ನರಾ ಹಿಡಿಯೋತನಕ ವೈರಸ್ ಗಾಯದಾಗ ಬಿಡಿ ಬಿಡಿಯಾಗಿ ಇರತೈತಿ, ನಮ್ಮ ಕೈಯಾಗ ಇರೋ ವ್ಯಾಳ್ಯಾ ಅದ. ನಳದ ಕೆಳಗ ಹಿಡದು ಸೋಪು ಹಚ್ಚಿ 15 ನಿಮಿಷ ತೊಳೀಬೇಕು ಅಂತಾರಲ್ಲ, ಇದಕ್ಕ, ಇದಕ್ಕೂ ಕೊಬ್ಬಿನ ಪೊರಿ ಐತಿ, ಸೋಪಿಗೆ ಕರಗತೈತಿ, ಉಳದದ್ದು ಹರದು ಹೋಗತೈತಿ. ಖಾರಪುಡಿ, ಸುಣ್ಣ, ಎಣ್ಣಿ ಮೆತ್ತೋದು ನಮ್ಮ ಹಳ್ಯಾಗ ಇನ್ನೂ ಐತಿ, ಅದರಿಂದ ಗಾಯ ಕೆರಳತೈತಿ, ತೊಳಿಯೋ ಹೊತ್ತು ಹೋಗತೈತಿ, ವೈರಸ್ಸಿಗೆ ಏನೂ ಆಗಂಗಿಲ್ಲ. ತೊಳದು ಸೀದಾ ದವಾಖಾನಿ. ತೋಳಿನ ಸ್ನಾಯುವಿಗೆ ಕೊಡೋ ಲಸಿಕಿ 0, 3, 7, 14, 28ನೇ ದಿನ, ಚರ್ಮದೊಳಗ ಕೊಡೋದಾದ್ರ 0, 3, 7, 28. ಲಸಿಕಿಯಿಂದ ನಮ್ಮ ಮೈ ಸ್ವಂತ ಆ್ಯಂಟಿಬಾಡಿ ಮಾಡಾಕ ಒಂದು ವಾರದ ಮ್ಯಾಲ ಬೇಕು, ಅಲ್ಲಿತನಕ ಏನು? ರಕ್ತ ಬರೋವಂಗ ಕಚ್ಚಿದ್ರ ಇಮ್ಯುನೋಗ್ಲೋಬುಲಿನ್ ಅಂತ ಇನ್ನೊಂದು ಕೊಡತಾರ, ಅದು ತಯಾರಿ ಆ್ಯಂಟಿಬಾಡಿ. ಅದನ್ನ ತೋಳಿಗೆ, ಕುಂಡಿಗೆ ಕೊಟ್ಟು ಕಳಸೋದಲ್ಲ, ಗಾಯದ ಒಳಗ, ಸುತ್ತಮುತ್ತ ಚುಚ್ಚತಾರ, ಭಾಳ ನೋವಾಗತೈತಿ, ಎಷ್ಟೋ ಮಂದಿ ಬ್ಯಾಡ ಅಂತಾರ. ಅದನ್ನ ಅಲ್ಲೇ ಚುಚ್ಚೋದು ಯಾಕಂದ್ರ ವೈರಸ್ಸಿನ ಹಿಡಿಯೋ ಪ್ರೋಟೀನಿಗೆ ಹೋಗಿ ಆ ಆ್ಯಂಟಿಬಾಡಿ ಮೊದಲ ಹತ್ತಿಕೊಳ್ಳಬೇಕು, ಆಮ್ಯಾಲ ನರದ ತುದಿ ಪಕ್ಕದಾಗ ಇದ್ರೂ ವೈರಸ್ಸಿಗೆ ಅದನ್ನ ಹಿಡ್ಯಾಕ ಬರಂಗಿಲ್ಲ. ಕಚ್ಚಿ ವಾರ ಆತು, ಹದಿನೈದು ದಿನ ಆತು, ಇನ್ನೇನು ಹೋಗೋದು ಅಂತ ಮನ್ಯಾಗ ಕುಂದ್ರೋವ್ರು ಇರತಾರ, ಲಕ್ಷಣ ಕಾಣಲಾರದ ತನಕ ಹೋಗಿ ತೋರಿಸಿ ಲಸಿಕಿ ಹಾಕಿಸಿಕೊಳ್ರಿ, ವೈರಸ್ ಇನ್ನೂ ನರಾ ಹಿಡದಿರಲಿಕ್ಕಿಲ್ಲ.